ಕೊಸರು ಕೊಡುವ ಸರದಿ ಗಿರಾಕಿಯದು

ಹೋಟೆಲಿನಲ್ಲಿ ಊಟ ಮುಗಿಸಿ ಕೈ ತೊಳೆದು ಬರುವಾಗ ಒಂದೇ ಟೇಬಲಿನ ಐದು ಜನರಿಗೆ ಐದು ಫತ್ವಾ. ಒಬ್ಬ ಹೇಳುತ್ತಾನೆ, "ಬಿಲ್ಲಿನಲ್ಲಿ ಟ್ಯಾಕ್ಸ್ ಹಾಕಿದ್ದಾರಲ್ಲ, ಇನ್ನು ಟಿಪ್ಸ್ ಎಂತಕ್ಕೆ?" ಇನ್ನೊಬ್ಬ, "ಸಂಬಳ ಕೊಡುವುದು ಧಣಿಯ ಕೆಲಸ, ನಮ್ಮದಲ್ಲ." ಮೂರನೆಯವ ಗಲ್ಫಿನಿಂದ ರಜೆಯಲ್ಲಿ ಬಂದವ, ಐನೂರರ ನೋಟು ತೆಗೆದು ಎಲ್ಲರಿಗೂ ಕಾಣುವ ಹಾಗೆ ತಟ್ಟೆಯಲ್ಲಿ ಇಡುತ್ತಾನೆ. ನಾಲ್ಕನೆಯವ ಆಗಲೇ ಮೊಬೈಲ್ ಹಿಡಿದು ಕ್ಯಾಶಿನ ಹತ್ತಿರ ಹೋಗಿಯಾಗಿದೆ. ಐದನೆಯವನಿಗೆ ಕೊಡುವ ಮನಸ್ಸುಂಟು, ಜೇಬಿನಲ್ಲಿ ಚಿಲ್ಲರೆ ಇಲ್ಲ. ಈ ಚರ್ಚೆ ಮುಗಿಯುವುದರೊಳಗೆ ನಮಗೆ ಬಡಿಸಿದ ಹುಡುಗ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋಗಿರುತ್ತಾನೆ.

ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಈಗ ಹೋಟೆಲುಗಳಿಗೆ ಲೆಕ್ಕವಿಲ್ಲ. ಹೆದ್ದಾರಿ ಅಗಲವಾದ ಮೇಲೆ ಸರ್ವಿಸ್ ರಸ್ತೆಯ ಬದಿಯಲ್ಲಿ ಮಂದಿಯ ಅಂಗಡಿ, ಅಲ್‌ಫಾಮ್ ಸುಡುವ ಅಂಗಡಿ, ರಾತ್ರಿ ಎರಡು ಗಂಟೆವರೆಗೆ ತೆರೆದಿರುವ ಚಾದ ಅಂಗಡಿ. ಮನೆಯವರೆಲ್ಲ ಒಟ್ಟಿಗೆ ಹೊರಗೆ ಹೋಗಿ ತಿನ್ನುವುದು ಉಪ್ಪನ ಕಾಲದಲ್ಲಿ ವರ್ಷಕ್ಕೊಮ್ಮೆ ಪೆರ್ನಾಲಿಗೆ ಇದ್ದರೆ ಇತ್ತು. ಈಗ ವಾರಕ್ಕೊಮ್ಮೆ ಉಂಟು. ಹೊರಗೆ ತಿನ್ನುವುದನ್ನು ನಾವು ಬೇಗ ಕಲಿತೆವು. ಬಡಿಸಿದವನೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅಷ್ಟು ಬೇಗ ಕಲಿಯಲಿಲ್ಲ. ಟಿಪ್ಸಿನ ಬಗ್ಗೆ ನಮ್ಮಲ್ಲಿ ಒಂದು ಕ್ರಮ ಬೇಕು, ಅದು ನಮ್ಮದೇ ಲೆಕ್ಕದ ಕ್ರಮ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಆ ಲೆಕ್ಕ ನನಗೆ ಸಿಕ್ಕಿದ್ದು ಅಂಗಡಿಯಲ್ಲಿ. ನನ್ನ ಉಪ್ಪನದ್ದು ಜೀನಸಿನ ಅಂಗಡಿ. ಅರ್ಧ ಕಿಲೋ ಅವಲಕ್ಕಿ ತೂಗಿದರೆ ತಕ್ಕಡಿಯ ಮುಳ್ಳು ಸಮಕ್ಕೆ ನಿಂತ ಮೇಲೆ ಇನ್ನೊಂದು ಹಿಡಿ ಹಾಕುತ್ತಿದ್ದರು. ತರಕಾರಿ ತಕ್ಕೊಂಡವರಿಗೆ ನಾಲ್ಕು ಎಸಳು ಬೇವಿನ ಸೊಪ್ಪು, ಎರಡು ಹಸಿಮೆಣಸು. ಮಕ್ಕಳು ಬಂದರೆ ಚಿಟಿಕೆ ಬೆಲ್ಲ. ಅದಕ್ಕೆ ಕೊಸರು ಎನ್ನುತ್ತಾರೆ. ಈಗಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಗ್ರಾಮಿನ ಲೆಕ್ಕ ಕೆಂಪು ಅಕ್ಷರದಲ್ಲಿ ಕಾಣುತ್ತದೆ, ಆದರೂ ಹಳೆಯ ಗಿರಾಕಿಗಳಿಗೆ ಕೊಸರು ಬೇಕೇ ಬೇಕು. ಕೊಸರಿನ ಬೆಲೆ ಎಂಟಾಣೆ ಇರಬಹುದು, ಒಂದು ರೂಪಾಯಿ ಇರಬಹುದು. ಅದು ಹೇಳುವ ಮಾತು ಇಷ್ಟೇ: ನಮ್ಮ ನಡುವೆ ವ್ಯಾಪಾರ ಮುಗಿಯಿತು, ಆದರೆ ವ್ಯಾಪಾರ ಮಾತ್ರ ಇದ್ದದ್ದಲ್ಲ.

ಟಿಪ್ಸ್ ಎಂಬುದು ಇದೇ ಕೊಸರು, ದಿಕ್ಕು ಮಾತ್ರ ಬೇರೆ. ಅಂಗಡಿಯಲ್ಲಿ ಕೊಡುವವ ವ್ಯಾಪಾರಿ, ಹೋಟೆಲಿನಲ್ಲಿ ಕೊಡಬೇಕಾದವ ಗಿರಾಕಿ.

ಗಿರಾಕಿಯೇ ಕೊಸರು ಕೊಡುವುದು ನಮಗೆ ಹೊಸ ಸಂಗತಿಯೂ ಅಲ್ಲ. ಪ್ರವಾದಿಯವರು (ಸ.ಅ.) ಪೇಟೆಯಲ್ಲಿ ಬಟ್ಟೆ ಖರೀದಿ ಮಾಡಿದ ಒಂದು ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಇದೆ. ಆ ಕಾಲದಲ್ಲಿ ಬೆಲೆಯನ್ನು ಬೆಳ್ಳಿಯಲ್ಲಿ ತೂಗಿ ಕೊಡುವುದು. ತೂಗಲಿಕ್ಕೆ ಕೂಲಿಗೆ ಒಬ್ಬ ಇದ್ದ. ಪ್ರವಾದಿಯವರು ಅವನಿಗೆ, ತೂಗುವಾಗ ತುಸು ಹೆಚ್ಚೇ ತೂಗಿ ಕೊಡು ಎಂದು ಹೇಳಿದರು. ಚೌಕಾಶಿ ಮಾಡಿ ಬೆಲೆ ನಿಗದಿ ಮಾಡಿದವರು ಅವರೇ, ಹೆಚ್ಚು ಕೊಟ್ಟವರೂ ಅವರೇ. ಚೌಕಾಶಿಯೂ ತಪ್ಪಲ್ಲ, ಕೊಸರೂ ತಪ್ಪಲ್ಲ, ಎರಡಕ್ಕೂ ಅದರದರ ಸಮಯ ಉಂಟು ಎಂದು ನಾನು ಇದರಿಂದ ತಿಳಿದುಕೊಂಡಿದ್ದೇನೆ. ಇನ್ನೊಂದು ಹದೀಸ್ ಬುಖಾರಿಯಲ್ಲಿದೆ. ಊಟ ತಂದುಕೊಟ್ಟ ಕೆಲಸದವನನ್ನು ಜೊತೆಗೆ ಕೂರಿಸಿಕೊಳ್ಳದಿದ್ದರೂ ಅವನಿಗೆ ಒಂದೆರಡು ತುತ್ತಾದರೂ ಕೊಡಬೇಕು, ಯಾಕೆಂದರೆ ಒಲೆಯ ಬಿಸಿ ತಿಂದವನು ಅವನು ಎಂಬುದು ಅದರ ಸಾರ. ಜುಮಾದ ಬಯಾನಿನಲ್ಲಿ ಇದನ್ನು ಕೇಳಿ ತಲೆದೂಗಿದವರು ನಾವು. ಅರ್ಧ ಗಂಟೆ ಕಳೆದು ಬಿರಿಯಾನಿಯ ಎದುರು ಕೂತಾಗ ಅದು ನೆನಪಿಗೆ ಬಂದರೆ ಒಳ್ಳೆಯದು.

ಇದರಿಂದ ಟಿಪ್ಸ್ ಫರ್ಳ್ ಎಂದು ನಾನು ಹೇಳುವುದಿಲ್ಲ. ಹೇಳಲಿಕ್ಕೆ ನಾನು ಉಸ್ತಾದನೂ ಅಲ್ಲ. ಅದು ಮರ್ಯಾದೆಯ ವಿಷಯ.

ಕೊಸರಿಗೆ ಒಂದು ಶರತ್ತು ಉಂಟು, ಅದನ್ನು ಯಾವ ವ್ಯಾಪಾರಿಯೂ ಮರೆಯಬಾರದು. ಮೊದಲು ತೂಕ ಸರಿಯಾಗಬೇಕು. ತಕ್ಕಡಿಯಲ್ಲಿ ಐವತ್ತು ಗ್ರಾಮು ಹೊಡೆದು ಮತ್ತೆ ಹತ್ತು ಗ್ರಾಮು ಕೊಸರು ಹಾಕಿ ನಗುವವ ಕಳ್ಳ. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅಲ್ ಮುತಫ್ಫಿಫೀನ್. ಹೋಟೆಲಿನಲ್ಲಿ ತೂಕ ಎಂದರೆ ಸಂಬಳ. ಅದನ್ನು ಸರಿಯಾಗಿ ತೂಗಬೇಕಾದವರು ಧಣಿ. "ನಮ್ಮಲ್ಲಿ ಸಂಬಳ ಸ್ವಲ್ಪ ಕಮ್ಮಿ, ಆದರೆ ಟಿಪ್ಸ್ ಒಳ್ಳೆ ಸಿಗುತ್ತದೆ" ಎಂದು ಕೆಲಸಕ್ಕೆ ಸೇರಿಸಿಕೊಳ್ಳುವ ಧಣಿ ಗಿರಾಕಿಯ ಕೊಸರನ್ನು ತನ್ನ ತಕ್ಕಡಿಗೆ ಹಾಕಿಕೊಂಡ ಹಾಗೆ. ಕೇರಳದಲ್ಲಿ ಹೋಟೆಲ್ ಕೆಲಸಗಾರರಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಇದೆ. ಟಿಪ್ಸ್ ಸೇರಿಸಿ ಆ ಲೆಕ್ಕ ತುಂಬಿಸುವುದು ನ್ಯಾಯವಲ್ಲ.

ಕೊಸರು ತೂಕದೊಳಗೆ ಸೇರಿದರೆ ಏನಾಗುತ್ತದೆ ಎಂದು ನೋಡಲು ಅಮೆರಿಕಕ್ಕೆ ಕಣ್ಣು ಹಾಯಿಸಿದರೆ ಸಾಕು. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಟಿಪ್ಸ್ ಸಿಗುವ ಕೆಲಸಗಾರನಿಗೆ ಧಣಿ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಉಳಿದ ಕೆಲಸಗಾರರಿಗೆ 2009ರಿಂದ 7.25 ಡಾಲರ್. ನಡುವಿನ ಅಂತರವನ್ನು ಗಿರಾಕಿಯ ಟಿಪ್ಸ್ ತುಂಬಬೇಕು, ತುಂಬದಿದ್ದರೆ ಮಾತ್ರ ಧಣಿ ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಈ ಲೆಕ್ಕವನ್ನು ಒಪ್ಪದೆ ಪೂರ್ತಿ ಕೂಲಿ ಕೊಡಿಸುತ್ತವೆ. ಉಳಿದ ಕಡೆ ಶೇಕಡಾ ಹದಿನೈದು ಇಪ್ಪತ್ತು ಕೊಡದೆ ಎದ್ದರೆ ಬಡಿಸಿದವನ ಹೊಟ್ಟೆಗೆ ಹೊಡೆದ ಹಾಗೆ. ಗಿರಾಕಿಗೆ ಅದು ಸಂತೋಷದಿಂದ ಕೊಡುವ ಹಣ ಅಲ್ಲ, ಬಡಿಸುವವನಿಗೆ ಅದು ನಂಬಿ ಬದುಕುವ ಹಣವೂ ಅಲ್ಲ. ಯಂತ್ರಕ್ಕೆ ಗ್ರೀಸ್ ಬೇಕು, ಆದರೆ ಗ್ರೀಸಿನಲ್ಲಿ ಗಾಡಿ ಓಡಿಸಲಿಕ್ಕೆ ಹೊರಟರೆ ಅದು ನಡೆಯುವುದಿಲ್ಲ.

ನಮ್ಮ ದೇಶದಲ್ಲಿ ಇದೇ ದಾರಿಯ ಇನ್ನೊಂದು ಕವಲು ಸರ್ವಿಸ್ ಚಾರ್ಜ್. ಮಂಗಳೂರು, ಬೆಂಗಳೂರಿನ ಕೆಲವು ದೊಡ್ಡ ರೆಸ್ಟೋರೆಂಟುಗಳ ಬಿಲ್ಲಿನ ಕೊನೆಯಲ್ಲಿ ಅದು ಕೂತಿರುತ್ತದೆ. ನಮ್ಮವರು ಹಲವರು ಅದನ್ನು ಸರ್ಕಾರದ ತೆರಿಗೆ ಎಂದುಕೊಂಡಿದ್ದಾರೆ. ಅಲ್ಲ. ಸರ್ಕಾರಕ್ಕೆ ಹೋಗುವುದು ಜಿಎಸ್‌ಟಿ. ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಅದು ಶೇ. 5, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಸರ್ವಿಸ್ ಚಾರ್ಜ್ ಹೋಗುವುದು ಧಣಿಯ ಖಾತೆಗೆ. ಅದರಲ್ಲಿ ಬಡಿಸಿದವನಿಗೆ ಎಷ್ಟು ಎಂಬುದು ಬಿಲ್ಲಿನಲ್ಲಿ ಬರೆದಿರುವುದಿಲ್ಲ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಒಂದು ಮಾರ್ಗಸೂಚಿ ಹೊರಡಿಸಿತು. ಯಾವ ಹೋಟೆಲೂ ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು, ಕೊಡುವುದಿಲ್ಲ ಎಂದವರನ್ನು ಬಾಗಿಲಲ್ಲಿ ತಡೆಯಬಾರದು ಎಂದು ಅದರಲ್ಲಿತ್ತು. ಹೋಟೆಲ್ ಮಾಲಿಕರ ಸಂಘಟನೆಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿ ತಾನಾಗಿ ಟಿಪ್ಸ್ ಕೊಡುವುದಕ್ಕೆ ಅಡ್ಡಿಯಿಲ್ಲ. ಬಿಲ್ಲಿನಲ್ಲಿ ಕಡ್ಡಾಯವಾಗಿ ಸರ್ವಿಸ್ ಚಾರ್ಜ್ ಕಂಡರೆ ತೆಗೆಯಲು ಹೇಳಬಹುದು, ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಾಗೆ ತೆಗೆಸಿದ ಮೇಲೆ ಉಳಿದ ಹಣದಲ್ಲಿ ಒಂದು ಪಾಲನ್ನು ಬಡಿಸಿದವನ ಕೈಗೆ ಕೊಟ್ಟು ಬನ್ನಿ. ಇಲ್ಲದಿದ್ದರೆ ಕಾನೂನು ಗೆದ್ದ ಸಂತೋಷದಲ್ಲಿ ಬಡಿಸಿದವನು ಸೋತಂತಾಗುತ್ತದೆ.

ನಮ್ಮ ಪೇಟೆಗಳ ತೊಂದರೆ ಸರ್ವಿಸ್ ಚಾರ್ಜ್ ಅಲ್ಲ, ಚಿಲ್ಲರೆ ಮಾಯವಾದದ್ದು. ಮೊದಲು ಸಪ್ಲೈಯರ್ ಸಣ್ಣ ತಟ್ಟೆಯಲ್ಲಿ ಬಿಲ್ಲು ತರುತ್ತಿದ್ದ, ಅದರ ಮೇಲೆ ಒಂದು ಚಿಟಿಕೆ ಸೋಂಪು. ನಾವು ನೋಟು ಇಟ್ಟರೆ ಅದೇ ತಟ್ಟೆಯಲ್ಲಿ ಬಾಕಿ ಚಿಲ್ಲರೆ ಬರುತ್ತಿತ್ತು. ಅದರಲ್ಲಿ ಹತ್ತೋ ಇಪ್ಪತ್ತೋ ಬಿಟ್ಟು ಎದ್ದರಾಯಿತು. ಕೊಡಬೇಕೋ ಬೇಡವೋ ಎಂದು ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಕ್ಯಾಶಿನ ಎದುರು ಕ್ಯೂಆರ್ ಅಂಟಿಸಿದ್ದಾರೆ. 685 ಆದರೆ ಸರಿಯಾಗಿ 685, ಒಂದು ರೂಪಾಯಿ ಆಚೆಯಿಲ್ಲ, ಈಚೆಯಿಲ್ಲ. ಪೆಟ್ಟಿಗೆ ಹಣ ಬಂತು ಎಂದು ಕೂಗಿ ಹೇಳುತ್ತದೆ, ನಾವು ಹೊರಗೆ. ತಟ್ಟೆ ಹೋಯಿತು, ತಟ್ಟೆಯ ಜೊತೆಗೆ ಕೊಸರೂ ಹೋಯಿತು. ಯಾರೂ ಕೆಟ್ಟ ಮನಸ್ಸಿನಿಂದ ನಿಲ್ಲಿಸಿದ್ದಲ್ಲ. ಆದರೆ ಬಡಿಸುವವನ ತಿಂಗಳಿನ ಲೆಕ್ಕದಲ್ಲಿ ಎಂತ ಕಡಿಮೆಯಾಯಿತು ಎಂದು ನಾವು ಯಾರೂ ಕೇಳಲಿಲ್ಲ.

ನಾನು ಕೇಳಿದೆ. ನಮ್ಮ ಪೇಟೆಯ ಒಂದು ಹೋಟೆಲಿನಲ್ಲಿ ಕ್ಯೂಆರ್‌ನ ಬದಿಯಲ್ಲಿ, ಟಿಪ್ಸ್ ಸೇರಿಸಿ ಪಾವತಿ ಮಾಡಬಹುದು ಎಂದು ಒಂದು ಚೀಟಿ ಅಂಟಿಸಿದ್ದರು. ನಾನು ಕೆಲವು ಸಲ ಬಿಲ್ಲಿಗೆ ಮೂವತ್ತು ರೂಪಾಯಿ ಸೇರಿಸಿ ಹಾಕಿದ್ದೆ. ಒಂದು ದಿನ ಗಿರಾಕಿ ಕಡಿಮೆ ಇದ್ದ ಹೊತ್ತಿನಲ್ಲಿ ಸಪ್ಲೈಯರನ ಹತ್ತಿರ ಆ ಹಣ ಸಿಗುತ್ತದಾ ಎಂದು ವಿಚಾರಿಸಿದೆ. ಅವನು ಕ್ಯಾಶಿನ ಕಡೆ ಒಮ್ಮೆ ನೋಡಿದ, ಮತ್ತೆ ನನ್ನನ್ನು ನೋಡಿ ನಕ್ಕ, ಟೇಬಲ್ ಒರೆಸಲಿಕ್ಕೆ ಶುರು ಮಾಡಿದ. ನನಗೆ ಉತ್ತರ ಸಿಕ್ಕಿತು. ಆ ಚೀಟಿ ನೋಡಿ ಕೊಟ್ಟವರೆಲ್ಲ ಬಡಿಸಿದವನಿಗೆ ಕೊಟ್ಟೆವು ಎಂದು ತಿಳಿದು ಮನೆಗೆ ಹೋದವರು. ಇದು ಸಣ್ಣ ಹಣದ ವಿಷಯ ಎನ್ನಬೇಡಿ. ಇನ್ನೊಬ್ಬನ ಹೆಸರಿನಲ್ಲಿ ಬಂದ ಹಣವನ್ನು ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಬೇರೆ ಹೆಸರುಂಟು.

ಬಡಿಸುವವನಿಗೆ ಈ ಹತ್ತು ಇಪ್ಪತ್ತು ಎಂತಕ್ಕೆ ಬೇಕು ಎಂದು ಕೇಳುವವರಿಗೆ ನನ್ನ ದೊಡ್ಡಪ್ಪನ ಕತೆ ಹೇಳುತ್ತೇನೆ. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಹೋದವರು. ಹೋಟೆಲಿನಲ್ಲಿ ಮೊದಲು ಗ್ಲಾಸು ತೊಳೆದರು, ಮತ್ತೆ ಟೇಬಲ್ ಒರೆಸಿದರು, ಮತ್ತೆ ಸಪ್ಲೈಯರ್ ಆದರು. ಅವರ ಸಂಬಳ ಧಣಿಯ ಪುಸ್ತಕದಲ್ಲಿ ಇರುತ್ತಿತ್ತು, ಅಲ್ಲಿಂದ ಮನಿಯಾರ್ಡರ್ ಆಗಿ ಊರಿಗೆ ಬರುತ್ತಿತ್ತು. ಮನೆಯ ಅಕ್ಕಿ, ತಂಗಿಯರ ಮದುವೆ, ಮಾಡಿನ ಹಂಚು ಎಲ್ಲ ಆ ಪುಸ್ತಕದ್ದು. ಗಿರಾಕಿ ಬಿಟ್ಟುಹೋದ ನಾಲ್ಕಾಣೆ, ಎಂಟಾಣೆ ಮಾತ್ರ ಯಾರ ಪುಸ್ತಕದಲ್ಲಿಯೂ ಇರಲಿಲ್ಲ. ತಲೆಗೆ ಎಣ್ಣೆ, ಒಂದು ಸಾಬೂನು, ಉಮ್ಮನಿಗೆ ಬರೆಯಲಿಕ್ಕೆ ಇನ್‌ಲ್ಯಾಂಡ್ ಕಾಗದ, ತಿಂಗಳಿಗೊಂದು ಸಿನಿಮಾ. "ಸಂಬಳ ಮನೆಯದ್ದು, ಬಕ್ಷೀಸು ನನ್ನದು" ಎಂದು ಅವರು ಹೇಳುತ್ತಿದ್ದರು. ಹದಿನಾಲ್ಕರ ಹುಡುಗ ತನಗೂ ಒಂದು ಜೀವ ಉಂಟು ಎಂದು ನೆನಪು ಇಟ್ಟುಕೊಂಡದ್ದು ಆ ಎಂಟಾಣೆಯಲ್ಲಿ.

ಕರಾವಳಿಯ ಎಲ್ಲ ಜಾತಿ ಧರ್ಮದ ಮನೆಗಳಲ್ಲಿ ಇಂಥ ದೊಡ್ಡಪ್ಪಂದಿರು ಇದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಇದ್ದಾರೆ. ಅವರ ಮಕ್ಕಳು ಗಲ್ಫಿಗೆ ಹೋದರು. ನಾನು ಶಾರ್ಜಾದಲ್ಲಿ ಎಸಿ ಪ್ಲಾಂಟಿನ ಕೆಲಸದಲ್ಲಿದ್ದಾಗ ಅಲ್ಲಿನ ಕೆಫೆಟೀರಿಯಾಗಳ ಎದುರು ಸಂಜೆ ಕಾರುಗಳ ಸಾಲು ನಿಲ್ಲುತ್ತಿತ್ತು. ಕಾರಿನಲ್ಲಿ ಕೂತವರು ಇಳಿಯುವುದಿಲ್ಲ, ಹಾರ್ನ್ ಹೊಡೆಯುತ್ತಾರೆ. ನಲವತ್ತೈದು ಡಿಗ್ರಿ ಸೆಕೆಯಲ್ಲಿ ನಮ್ಮ ಕಡೆಯ ಹುಡುಗ ಓಡಿಹೋಗಿ ಆರ್ಡರ್ ಕೇಳಿ, ಓಡಿ ಬಂದು, ಮತ್ತೆ ಚಾ ಹಿಡಿದು ಓಡಬೇಕು. ಕೆಲವರು ಒಂದು ದಿರ್ಹಮ್ ಹೆಚ್ಚು ಕೊಡುತ್ತಿದ್ದರು. ಕೆಲವರು ಗ್ಲಾಸು ಇಳಿಸಿ, ಹಣ ಕೊಟ್ಟು, ಮುಖ ನೋಡದೆ ಗ್ಲಾಸು ಏರಿಸುತ್ತಿದ್ದರು. ಆ ಹುಡುಗರು ರಾತ್ರಿ ರೂಮಿನಲ್ಲಿ ಮಾತಾಡುವಾಗ ದಿರ್ಹಮಿನ ಲೆಕ್ಕಕ್ಕಿಂತ ಮುಖ ನೋಡಿದವರ ಲೆಕ್ಕವನ್ನೇ ಹೆಚ್ಚು ಹೇಳುತ್ತಿದ್ದರು.

ಈಗ ನಮ್ಮ ಊರಿನ ಹೋಟೆಲಿನಲ್ಲಿ ಬಡಿಸುವ ಹುಡುಗ ಬಂಗಾಳದವನು, ಅಸ್ಸಾಮಿನವನು, ಒಡಿಶಾದವನು. ನಾವು ಎಲ್ಲರಿಗೂ ಒಂದೇ ಹೆಸರು ಇಟ್ಟಿದ್ದೇವೆ, ಭಾಯಿ. ಕೇರಳ ಸರ್ಕಾರ ಅವರನ್ನು ಅತಿಥಿ ಕಾರ್ಮಿಕರು ಎಂದು ಕರೆಯುತ್ತದೆ. ಚೆಂದದ ಹೆಸರು. ಆದರೆ ನಮ್ಮ ಹೋಟೆಲುಗಳಲ್ಲಿ ಅತಿಥಿ ನಿಂತು ಬಡಿಸುತ್ತಾನೆ, ನಾವು ಕೂತು "ಏ ಭಾಯಿ, ಕೇಳುವುದಿಲ್ಲವಾ" ಎಂದು ಬೊಬ್ಬೆ ಹೊಡೆಯುತ್ತೇವೆ. ಅವನ ಸಂಬಳವೂ ಮುರ್ಷಿದಾಬಾದಿಗೋ ನಗಾಂವ್‌ಗೋ ಹೋಗುತ್ತದೆ, ದೊಡ್ಡಪ್ಪನ ಮನಿಯಾರ್ಡರಿನ ಹಾಗೆಯೇ. ಅವನಿಗೂ ಮೊಬೈಲಿಗೆ ರೀಚಾರ್ಜ್ ಬೇಕು, ಪೆರ್ನಾಲಿಗೋ ಪೂಜೆಗೋ ಒಂದು ಅಂಗಿ ಬೇಕು. ನಮ್ಮವರು ದೂರದ ಊರಿನಲ್ಲಿ ಯಾವ ಮರ್ಯಾದೆ ಬಯಸಿದರೋ ಅದನ್ನು ನಮ್ಮ ಊರಿಗೆ ಬಂದವನಿಗೆ ಕೊಡದಿದ್ದರೆ, ಊರು ಬಿಟ್ಟು ದುಡಿದದ್ದರಿಂದ ನಾವು ಕಲಿತದ್ದು ಎಂತದು?

ಹಾಗಾದರೆ ಕ್ರಮ ಹೇಗಿರಬೇಕು? ನಾನು ಪಾಲಿಸುವುದನ್ನು ಹೇಳುತ್ತೇನೆ. ಸರಿ ಕಂಡರೆ ನೀವೂ ಪಾಲಿಸಿ.

ಎಷ್ಟು ಎಂಬುದು ಮೊದಲ ಪ್ರಶ್ನೆ. ಶೇಕಡಾ ಲೆಕ್ಕ ನಮಗೆ ಬೇಡ. ಎರಡು ಸಾವಿರದ ಮಂದಿಯ ತಟ್ಟೆ ಹೊರುವುದಕ್ಕೂ ಇನ್ನೂರು ರೂಪಾಯಿಯ ಪೊರೋಟ ಸಾರು ಹೊರುವುದಕ್ಕೂ ಕಾಲು ನೋಯುವುದು ಒಂದೇ ರೀತಿ. ಸಣ್ಣ ಹೋಟೆಲಿನಲ್ಲಿ ಬಡಿಸುವವ ಹತ್ತು ಸಲ ಸಾರು ತಂದು ಹಾಕುತ್ತಾನೆ, ಶೇಕಡಾ ಲೆಕ್ಕದಲ್ಲಿ ಅವನಿಗೇ ನಷ್ಟ. ನನ್ನ ಲೆಕ್ಕ ತಲೆಗೆ ಹತ್ತು ರೂಪಾಯಿ. ನಾಲ್ಕು ಜನ ಕೂತು ಉಂಡರೆ ನಲವತ್ತು. ಮಕ್ಕಳಿಗೆ ರಿಯಾಯಿತಿ ಇಲ್ಲ, ಹೆಚ್ಚು ಚೆಲ್ಲುವುದು ಅವರೇ. ಒಂದು ಚಾ ಕುಡಿದು ಏಳುವುದಕ್ಕೆ, ಕ್ಯಾಶಿನಲ್ಲಿ ಟೋಕನ್ ತಕ್ಕೊಂಡು ನಾವೇ ತಂದು ತಿನ್ನುವ ಕಡೆಗೆ ಇದು ಬೇಡ. ಅಲ್ಲಿ ಗ್ಲಾಸನ್ನು ಅದರ ಜಾಗದಲ್ಲಿ ಇಟ್ಟುಹೋದರೆ ಅದೇ ಕೊಸರು.

ಹತ್ತು ರೂಪಾಯಿಯೂ ಭಾರವಾಗುವ ಮನೆಗಳು ನಮ್ಮಲ್ಲಿ ಬೇಕಾದಷ್ಟು ಉಂಟು. ಆಸ್ಪತ್ರೆಗೆ ಹೋಗಿ ಬರುವ ದಾರಿಯಲ್ಲಿ ದೇರಳಕಟ್ಟೆಯಲ್ಲಿ ಹಸಿವಿಗೆ ಎರಡು ಇಡ್ಲಿ ತಿಂದವರು ಟಿಪ್ಸಿನ ಚಿಂತೆ ಮಾಡಬೇಕಾಗಿಲ್ಲ. ಕೈ ಒರೆಸಿದ ಕಾಗದವನ್ನು ಸಾಂಬಾರಿನಲ್ಲಿ ಮುಳುಗಿಸದೆ ತಟ್ಟೆಯ ಬದಿಯಲ್ಲಿಟ್ಟು, ಬಡಿಸಿದವನಿಗೆ ಒಂದು ಒಳ್ಳೆಯ ಮಾತು ಹೇಳಿ ಎದ್ದರೆ ಯಾವ ಕೊರತೆಯೂ ಇಲ್ಲ.

ಹೇಗೆ ಕೊಡುವುದು ಎಂಬುದು ಎಷ್ಟು ಎಂಬುದಕ್ಕಿಂತ ದೊಡ್ಡದು. ಎಲುಬಿನ ತುಂಡುಗಳ ನಡುವೆ, ಎಂಜಲು ತಟ್ಟೆಯ ಅಡಿಯಲ್ಲಿ ನೋಟು ತುರುಕಬೇಡಿ. ಬಲಗೈಯಲ್ಲಿ, ಅವನ ಕೈಗೆ, ಮುಖ ನೋಡಿ ಕೊಡಿ. ಮಕ್ಕಳ ಕೈಯಿಂದ ಕೊಡಿಸುವುದಾದರೆ ಎಸೆಯದ ಹಾಗೆ ಕಲಿಸಿ. ಅವನ ಹೆಸರು ಕೇಳಿ. ಮುಂದಿನ ಸಲ ಭಾಯಿ ಎನ್ನುವ ಬದಲು ಆ ಹೆಸರಿನಿಂದ ಕರೆದು ನೋಡಿ, ಅವನ ನಡೆಯೇ ಬೇರೆಯಾಗುತ್ತದೆ. ನೆಂಟರ ಎದುರು ದೊಡ್ಡ ನೋಟು ಬೀಸಿ ಬೀಸಿ ಕೊಡುವುದು ಅವನಿಗಾಗಿ ಕೊಟ್ಟದ್ದಲ್ಲ, ನೆಂಟರಿಗಾಗಿ ಕೊಟ್ಟದ್ದು.

ಟಿಪ್ಸ್ ಸದಖವಲ್ಲ ಎಂಬುದನ್ನೂ ನೆನಪಿಡಬೇಕು. ರಂಜಾನಿನಲ್ಲಿ ಕೊಡುವ ಸಕಾತಿನ ಲೆಕ್ಕಕ್ಕೆ ಇದನ್ನು ಸೇರಿಸುವ ಪುಣ್ಯಾತ್ಮರನ್ನು ನೋಡಿದ್ದೇನೆ. ಅವನು ಬೇಡಿದ್ದಿಲ್ಲ. ಹತ್ತು ಗಂಟೆ ನಿಂತು ಕೆಲಸ ಮಾಡಿದವನು. ಕೆಲಸ ಮಾಡಿದವನಿಗೆ ಕೊಡುವಾಗ ಕೈ ಮೇಲಿದೆ ಎಂಬ ಭಾವ ಬೇಡ.

ಕ್ಯೂಆರ್‌ಗೆ ಸೇರಿಸಿ ಹಾಕುವುದು ಕೊನೆಯ ದಾರಿ. ಹಾಕುವುದಾದರೆ ಅದು ಅವನಿಗೆ ಸಿಗುತ್ತದಾ ಎಂದು ಕ್ಯಾಶಿನಲ್ಲಿ ಕೂತವರ ಹತ್ತಿರ ಎಲ್ಲರಿಗೂ ಕೇಳುವಷ್ಟು ಸ್ವರದಲ್ಲಿ ಒಮ್ಮೆ ವಿಚಾರಿಸಿ. ಸುಲಭದ ದಾರಿ ಹತ್ತರ, ಇಪ್ಪತ್ತರ ನಾಲ್ಕು ನೋಟು ಮೊಬೈಲಿನ ಕವರಿನ ಹಿಂದೆ ಇಟ್ಟುಕೊಳ್ಳುವುದು. ನಾನು ನಮ್ಮ ಅಂಗಡಿಯ ಪೆಟ್ಟಿಗೆಯಿಂದ ವಾರಕ್ಕೊಮ್ಮೆ ಹಳೆಯ ಹತ್ತರ ನೋಟು ಬದಲಿಸಿಕೊಳ್ಳುತ್ತೇನೆ. ನೀವೂ ಯಾವ ಜೀನಸಿನ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಟೇಬಲ್ ಒರೆಸುವವನನ್ನು ಮರೆಯಬೇಡಿ. ಬಡಿಸುವವ ಗಿರಾಕಿಯ ಕಣ್ಣಿಗೆ ಕಾಣುತ್ತಾನೆ. ಕ್ಲೀನರ್ ಕಾಣುವುದಿಲ್ಲ, ಹಿಂದೆ ಪಾತ್ರೆ ತೊಳೆಯುವ ಹೆಂಗಸಂತೂ ಇಲ್ಲವೇ ಇಲ್ಲ ಎಂಬ ಹಾಗೆ. ಕೆಲವು ಹೋಟೆಲುಗಳಲ್ಲಿ ಒಂದು ಡಬ್ಬಿ ಇಟ್ಟು ರಾತ್ರಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಅದು ಒಳ್ಳೆಯ ಪದ್ಧತಿ. ಡಬ್ಬಿ ಇದ್ದರೆ ಡಬ್ಬಿಗೆ ಹಾಕಿ, ಆದರೆ ಡಬ್ಬಿಯ ಕೀಲಿಕೈ ಕೆಲಸಗಾರರ ಕೈಯಲ್ಲಿರಬೇಕು.

ಊಟಕ್ಕೆ ಮೊದಲೇ ಕೊಡಬೇಡಿ. ಮೊದಲೇ ಐವತ್ತು ಕೈಗಿಟ್ಟು ಎರಡು ತುಂಡು ಹೆಚ್ಚು ಹಾಕಿಸಿಕೊಳ್ಳುವ ಚಾಲಾಕಿತನ ಕೆಲವರಲ್ಲಿ ಉಂಟು. ಆ ತುಂಡು ಧಣಿಯದ್ದು, ಸಪ್ಲೈಯರನದ್ದಲ್ಲ. ಕೊಸರು ತೂಕ ಮುಗಿದ ಮೇಲೆ ಕೊಡುವುದು. ತೂಕಕ್ಕೆ ಮೊದಲು ಕೊಟ್ಟರೆ ಲಂಚ.

ಊಟ ಚೆನ್ನಾಗಿರಲಿಲ್ಲ ಎಂದು ಬಡಿಸಿದವನ ಟಿಪ್ಸ್ ಹಿಡಿಯುವುದೂ ಸರಿಯಲ್ಲ. ಅನ್ನ ಬೇಯದಿದ್ದರೆ ಅದು ಅಡುಗೆಯವನದ್ದು, ತಡವಾದರೆ ಹೆಚ್ಚಾಗಿ ಒಳಗಿನದ್ದು. ಅದನ್ನು ಕ್ಯಾಶಿನಲ್ಲಿ ಹೇಳಿ. ಅವನೇ ಉದ್ಧಟವಾಗಿ ಮಾತಾಡಿದರೆ ಕೊಡಬೇಡಿ, ಅಷ್ಟೇ. ಬೊಬ್ಬೆ ಹಾಕಿ ಊರು ಸೇರಿಸುವ ಅಗತ್ಯವಿಲ್ಲ. ಇನ್ನು ಹೋಟೆಲಿನ ಕಾಕನೇ ಬಡಿಸಿದರೆ, ಅವರ ಮಗನೇ ಚಾ ತಂದರೆ ಟಿಪ್ಸ್ ಕೊಡಬಾರದು. ನಮ್ಮ ಅಂಗಡಿಯಲ್ಲಿ ಯಾರಾದರೂ ಉಪ್ಪನಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಇಟ್ಟುಕೊಳ್ಳಿ ಎಂದರೆ ಅವರು ಚಿಲ್ಲರೆ ಎಣಿಸಿ ವಾಪಸು ಕೊಡುವುದನ್ನು ನೋಡಿದ್ದೇನೆ. ಧಣಿಗೆ ಕೊಡುವ ಕೊಸರು ಒಂದೇ, ಸಾರು ಒಳ್ಳೆದಿತ್ತು ಎಂಬ ಮಾತು ಮತ್ತು ಮುಂದಿನ ವಾರದ ಬರವು.

ಇದಕ್ಕೆ ಎದುರಾಗಿ ಒಂದು ಮಾತು ಉಂಟು, ಅದರಲ್ಲಿ ಸತ್ಯವೂ ಉಂಟು. "ಟಿಪ್ಸ್ ಅಭ್ಯಾಸ ಮಾಡಿಸಿದರೆ ಕೊಡುವವರ ಟೇಬಲಿಗೆ ಓಡುತ್ತಾರೆ, ಕೊಡದ ಬಡವರು ನೀರಿಗೂ ಕಾಯಬೇಕಾಗುತ್ತದೆ." ಹೌದು, ದೊಡ್ಡ ನೋಟಿನವರು ಬರುವ ಹೋಟೆಲುಗಳಲ್ಲಿ ಹೀಗೆ ಆಗುವುದನ್ನು ನಾನೂ ನೋಡಿದ್ದೇನೆ. ಅದಕ್ಕಾಗಿಯೇ ಸಣ್ಣ ಮೊತ್ತ, ಎಲ್ಲರಿಂದಲೂ ಹೆಚ್ಚುಕಡಿಮೆ ಒಂದೇ ಮೊತ್ತ ಎಂದು ಹೇಳುತ್ತಿರುವುದು. ಒಬ್ಬ ಐನೂರು ಕೊಟ್ಟು ಒಂಬತ್ತು ಜನ ಏನೂ ಕೊಡದಿದ್ದರೆ ಓಟ ಶುರುವಾಗುತ್ತದೆ. ಹತ್ತೂ ಜನ ಹತ್ತಿಪ್ಪತ್ತು ಕೊಟ್ಟರೆ ಓಡಲಿಕ್ಕೆ ಕಾರಣವಿಲ್ಲ.

"ಧಣಿಯೇ ಸಂಬಳ ಹೆಚ್ಚಿಸಲಿ" ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಂದೇ ಶರತ್ತಿನಲ್ಲಿ: ಆ ಮಾತನ್ನು ಟೇಬಲಿನಲ್ಲಿ ಕೂತು ನಮ್ಮೊಳಗೆ ಹೇಳುವ ಬದಲು ಧಣಿಯ ಎದುರು ಹೇಳಬೇಕು. ಕೆಲಸಗಾರರ ಹಕ್ಕು ಹತ್ತರ ನೋಟಿನಿಂದ ಬರುವುದಿಲ್ಲ, ನನಗೆ ಗೊತ್ತಿದೆ. ಬಟ್ಟೆ ಅಂಗಡಿಗಳಲ್ಲಿ ಇಡೀ ದಿನ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಕೋಝಿಕ್ಕೋಡಿನಲ್ಲಿ ಹೋರಾಟ ಶುರು ಮಾಡಿದ್ದರಿಂದ 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನನ್ನು ತಿದ್ದಿ ಕೂರುವ ಹಕ್ಕು ಕೊಟ್ಟಿತು. ಕೂರಲಿಕ್ಕೂ ಕಾನೂನು ಬೇಕಾಯಿತು. ಎಷ್ಟು ಟಿಪ್ಸ್ ಕೊಟ್ಟರೂ ಒಂದು ಕುರ್ಚಿ ಬರುತ್ತಿರಲಿಲ್ಲ. ಸಂಬಳ, ರಜೆ, ಮಲಗುವ ಕೋಣೆ, ಕೂರುವ ಸ್ಟೂಲು ಇವು ತೂಕದ ವಿಷಯ. ತೂಕದ ಜಗಳ ತೂಕದ ಜಾಗದಲ್ಲಿ ಆಗಲಿ. ಆದರೆ ತೂಕ ಸರಿಯಾಗುವ ವರೆಗೆ ಕೊಸರು ಕೊಡುವುದಿಲ್ಲ ಎಂದು ಹಟ ಹಿಡಿದರೆ ಎರಡೂ ಕಡೆಯಿಂದ ಬರಿಗೈಯಲ್ಲಿ ನಿಲ್ಲುವವ ಬಡಿಸುವ ಹುಡುಗನೇ.

ಹೋಟೆಲು ನಡೆಸುವ ನಮ್ಮವರು ಈ ಸಾಲುಗಳನ್ನು ಓದುತ್ತಿದ್ದರೆ ಅವರಿಗೆ ಮೂರು ಮಾತು. ಟಿಪ್ಸ್ ತೋರಿಸಿ ಸಂಬಳ ಕಡಿಮೆ ಮಾಡಬೇಡಿ. ಆನ್‌ಲೈನಿನಲ್ಲಿ ಬಂದ ಟಿಪ್ಸನ್ನು ಬರೆದಿಟ್ಟು ಅದೇ ರಾತ್ರಿ ಹಂಚಿ, ಬೆವರು ಆರುವ ಮೊದಲು ಕೂಲಿ ಕೊಡಬೇಕು ಎಂಬುದು ಇದಕ್ಕೂ ಅನ್ವಯಿಸುತ್ತದೆ. ರಂಜಾನಿನಲ್ಲಿ ಹಗಲು ಬಾಗಿಲು ಹಾಕುವ ಹೋಟೆಲಿನವರು, ಆ ತಿಂಗಳು ಟಿಪ್ಸೂ ಇಲ್ಲದ ಹುಡುಗರಿಗೆ ಊರಿಗೆ ಹೋಗುವ ಟಿಕೆಟಿನ ದುಡ್ಡಾದರೂ ಸಿಗುವ ಹಾಗೆ ನೋಡಿಕೊಳ್ಳಿ. ವರ್ಷವಿಡೀ ನಿಮ್ಮ ಹೆಸರು ಉಳಿಸಿದ್ದು ಅವರ ನಗು.

ಉಳಿದವರಿಗೆ ಒಂದೇ ಕೆಲಸ. ಬರುವ ಶುಕ್ರವಾರ ಜುಮಾ ಮುಗಿಸಿ ಬಿರಿಯಾನಿಗೆ ಹೋಗುವ ಮೊದಲು ಯಾವುದಾದರೂ ಅಂಗಡಿಯಲ್ಲಿ ನೂರರ ನೋಟು ಕೊಟ್ಟು ಹತ್ತರ ಹತ್ತು ನೋಟು ಬದಲಿಸಿಕೊಳ್ಳಿ. ಮೊಬೈಲಿನ ಕವರಿನಲ್ಲಿ ಅದಕ್ಕೆ ಜಾಗ ಉಂಟು.